ಬೆರಳು ಬಿಡು ಅಂದಾಗ ಬಿಟ್ಟ: ಅಣ್ಣನ ಕೋಮಾ ದಿನಗಳು

ಅಣ್ಣ ಈಗ ಮನೆಯಲ್ಲಿದ್ದಾನೆ. ನಡೆಯುತ್ತಾನೆ, ಊಟ ಮಾಡುತ್ತಾನೆ, ಸಿಟ್ಟು ಮಾಡಿಕೊಳ್ಳುತ್ತಾನೆ. ಇನ್ನು ಮೂರು ತಿಂಗಳಿಗೊಮ್ಮೆ ಹಾಸನಕ್ಕೆ ಬಂದು ತೋರಿಸಿದರೆ ಸಾಕು ಅಂತ ಡಾಕ್ಟರು ಹೇಳಿದ ಮೇಲೆ ಇದನ್ನು ಬರೆಯಲು ಕೂತಿದ್ದೇನೆ. ಐಸಿಯು ಹೊರಗಿನ ಸ್ಟೀಲ್ ಕುರ್ಚಿಯಲ್ಲಿ ಕೂತು, ಕೋಮಾದಲ್ಲಿರುವವರಿಗೆ ಎಚ್ಚರ ಬರುವುದು ಹೇಗೆ ಅಂತ ಮೊಬೈಲಲ್ಲಿ ಹುಡುಕುವವರು ಪ್ರತಿ ರಾತ್ರಿಯೂ ಇರುತ್ತಾರೆ. ನಾನೂ ಹುಡುಕಿದ್ದೆ. ಸಿಕ್ಕಿದ್ದು ಒಂದೋ ಪವಾಡದ ಕಥೆ, ಇಲ್ಲಾ ಡಾಕ್ಟರುಗಳಿಗಾಗಿ ಬರೆದ ಪೇಪರು. ಮನೆಯವರು ಏನು ಮಾಡಬಹುದು, ಯಾವುದನ್ನು ಮುಟ್ಟಬಾರದು, ಯಾವ ಕಾಗದ ಎಲ್ಲಿ ಬೇಕಾಗುತ್ತೆ ಅನ್ನುವುದು ಕನ್ನಡದಲ್ಲಿ ಒಂದೂ ಸಿಗಲಿಲ್ಲ. ನಾನು ಡಾಕ್ಟರ್ ಅಲ್ಲ. ಪಕ್ಕದಲ್ಲಿ ಕೂತು ನೋಡಿದವನು, ಅಷ್ಟೇ.

ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ತೋಟ. ಕಾಫಿ, ನೆರಳಿಗೆ ಸಿಲ್ವರ್ ಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಫೆಬ್ರವರಿಯಲ್ಲಿ ಮೆಣಸು ಕುಯ್ಯುವವರು ಸಿಗುವುದೇ ಕಷ್ಟ ಅಂತ ಅಣ್ಣನೇ ಏಣಿ ಹತ್ತಿದ. ಏಣಿ ಜಾರಿತು. ಮೈಮೇಲೆ ಹೇಳಿಕೊಳ್ಳುವಂಥ ಗಾಯ ಇರಲಿಲ್ಲ. ಕಿವಿಯಲ್ಲಿ ಸ್ವಲ್ಪ ರಕ್ತ, ಗೊರಕೆಯಂಥ ಉಸಿರು. ನೋಡಿದವರಿಗೆ ನಿದ್ದೆ ಮಾಡ್ತಿದ್ದಾನೆ ಅನ್ನಿಸಬೇಕು. ಅದು ನಿದ್ದೆಯ ಗೊರಕೆ ಅಲ್ಲ, ನಾಲಿಗೆ ಹಿಂದಕ್ಕೆ ಬಿದ್ದು ಉಸಿರಿನ ದಾರಿ ಕಟ್ಟುತ್ತಿದೆ ಅಂತ 108ರಲ್ಲಿ ಬಂದ ಹುಡುಗ ಹೇಳಿದ. ಕತ್ತಿಗೆ ಕಾಲರ್ ಹಾಕಿ, ದವಡೆ ಮುಂದಕ್ಕೆ ಎತ್ತಿ ಹಿಡಿದು, ನಾಲ್ಕು ಜನರಿಂದ ಒಟ್ಟಿಗೆ ಎತ್ತಿಸಿ ಹಲಗೆ ಮೇಲೆ ಮಲಗಿಸಿದ. ತೋಟದ ಕಡೆಯವರು ಇದೊಂದು ನೆನಪಿಟ್ಟುಕೊಳ್ಳಿ. ಎತ್ತರದಿಂದ ಬಿದ್ದವರನ್ನು ಜೀಪಿನ ಹಿಂದಿನ ಸೀಟಿಗೆ ಮಡಚಿ ತುರುಕಬೇಡಿ. ಕತ್ತಿನ ಮೂಳೆ ಮುರಿದಿದ್ದರೆ ಆ ಹತ್ತು ಕಿಲೋಮೀಟರಿನಲ್ಲೇ ಕೈಕಾಲು ಹೋಗಬಹುದು.

ನಮ್ಮ ಕಡೆಯವರಿಗೆ ಇಂಥ ಹೊತ್ತಲ್ಲಿ ಎರಡು ದಾರಿ. ಚಾರ್ಮಾಡಿ ಇಳಿದು ಮಂಗಳೂರು, ಇಲ್ಲಾ ಬೇಲೂರು ಮೇಲೆ ಹಾಸನ. ಫೋನ್ ಮಾಡಿ ವಿಚಾರಿಸಿದಾಗ ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನ್ಯೂರೋ ಸರ್ಜನ್ ಇದ್ದಾರೆ ಅಂತ ಗೊತ್ತಾಯಿತು. ಅಲ್ಲಿಗೇ ಹೋದೆವು. ಆಸ್ಪತ್ರೆ ದೊಡ್ಡದಾ ಅಂತ ಕೇಳುವುದಕ್ಕಿಂತ "ಸಿಟಿ ಸ್ಕ್ಯಾನ್ ಈಗ ಆಗುತ್ತಾ, ನ್ಯೂರೋ ಸರ್ಜನ್ ಈಗ ಇದ್ದಾರಾ, ವೆಂಟಿಲೇಟರ್ ಬೆಡ್ ಖಾಲಿ ಇದೆಯಾ" ಅಂತ ಮೂರು ಪ್ರಶ್ನೆ ಕೇಳಿ ಹೊರಡಿ.

ಸ್ಕ್ಯಾನಿನಲ್ಲಿ ಮೆದುಳಿನ ಹೊದಿಕೆಯ ಕೆಳಗೆ ರಕ್ತ ಕಟ್ಟಿತ್ತು. ಮೆದುಳು ಊದುತ್ತಿತ್ತು. ಊದಲು ಜಾಗ ಬೇಕು ಅಂತ ತಲೆಬುರುಡೆಯ ಒಂದು ಭಾಗವನ್ನೇ ತೆಗೆದು, ಆ ಮೂಳೆಯನ್ನು ಹೊಟ್ಟೆಯ ಚರ್ಮದ ಕೆಳಗೆ ಇಟ್ಟು ಹೊಲಿದರು. ಅತ್ತಿಗೆ ಸಹಿ ಹಾಕಿದರು. ಕೈ ನಡುಗಿ ಹೆಸರು ಅರ್ಧಕ್ಕೆ ನಿಂತಿತ್ತು, ಪೂರ್ತಿ ಬರೆಯಿರಿ ಅಂತ ಮತ್ತೊಂದು ಹಾಳೆ ಕೊಟ್ಟರು. ಮೂಳೆ ಎಲ್ಲಿಟ್ಟಿದ್ದಾರೆ ಅನ್ನುವುದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದಿದೆಯಾ ಅಂತ ನೋಡಿಕೊಳ್ಳಿ. ಕೆಲವು ಕಡೆ ಹೊಟ್ಟೆಯಲ್ಲಿಡುತ್ತಾರೆ, ಕೆಲವು ಕಡೆ ಫ್ರೀಜರಿನಲ್ಲಿ. ತಿಂಗಳುಗಳಾದ ಮೇಲೆ ಬೇರೆ ಆಸ್ಪತ್ರೆಗೆ ಹೋದರೆ ಮೊದಲು ಕೇಳುವುದೇ ಅದನ್ನು.

ಅದೇ ರಾತ್ರಿ ಕಾಗದಗಳ ಓಡಾಟವೂ ಶುರುವಾಯಿತು. ಮರದಿಂದ ಬಿದ್ದದ್ದಾದರೂ ಎಂಎಲ್‌ಸಿ ಆಗುತ್ತೆ. ಅಂದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ಪೊಲೀಸರು ಬಂದು ಹೇಳಿಕೆ ತೆಗೆದುಕೊಳ್ಳುತ್ತಾರೆ. ಅಮ್ಮ ಅದನ್ನೇ ನೋಡಿ ಹೆದರಿಬಿಟ್ಟರು. ಹೆದರುವಂಥದ್ದು ಏನಿಲ್ಲ. ನಡೆದದ್ದು ಹೇಳಿ, ಎಂಎಲ್‌ಸಿ ನಂಬರ್ ಬರೆದಿಟ್ಟುಕೊಳ್ಳಿ. ಆಮೇಲೆ ವಿಮೆಯವರು ಅದನ್ನೇ ಕೇಳುವುದು. ಅಣ್ಣನ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಹೋಗುವ ಪ್ರಧಾನ ಮಂತ್ರಿ ಸುರಕ್ಷಾ ವಿಮೆ ಇತ್ತು. ಅದು ಸಾವಿಗೆ ಅಥವಾ ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಆಸ್ಪತ್ರೆ ಖರ್ಚಿಗೆ ಒಂದು ರೂಪಾಯಿಯೂ ಬರುವುದಿಲ್ಲ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ. ಎಪಿಎಲ್‌ನವರಿಗೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. ನಮ್ಮದು ಎಪಿಎಲ್. ಅದರ ಮೇಲೆ ಅಣ್ಣನ ಆಧಾರಿನಲ್ಲಿ ಒಂದು ಇನಿಷಿಯಲ್, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಅದು ಸರಿಹೋಗುವ ಹೊತ್ತಿಗೆ ಆಪರೇಷನ್ ಬಿಲ್ಲು ಕಟ್ಟಿಯಾಗಿತ್ತು. ಅಡ್ಮಿಟ್ ಆದ ದಿನವೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರರನ್ನು ಹುಡುಕಿ ಹಿಡಿಯಿರಿ. ಆಸ್ಪತ್ರೆ ಯೋಜನೆಯಲ್ಲಿ ನೋಂದಣಿ ಆಗಿದೆಯಾ, ಎಮರ್ಜೆನ್ಸಿ ಅಂತ ಹಾಕುತ್ತಾರಾ, ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾ, ಆವತ್ತೇ ಕೇಳಿ. ಆಮೇಲೆ ಕೇಳಿದರೆ ಎಲ್ಲರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಇನ್ನು ಅಣ್ಣನ ವಿಷಯ.

ಒಂದು ಬೆಳಿಗ್ಗೆ ನಾನು ಒಳಗಿದ್ದಾಗ ಸಿಸ್ಟರ್ ಜೇಬಿನಿಂದ ಪೆನ್ನು ತೆಗೆದರು. ಅಣ್ಣನ ಬೆರಳಿನ ಉಗುರಿನ ಮೇಲೆ ಅಡ್ಡ ಇಟ್ಟು ಒತ್ತಿದರು. ಮೆತ್ತಗೆ ಶುರು ಮಾಡಿ, ಜಾಸ್ತಿ ಮಾಡುತ್ತಾ ಹೋದರು. ಉಗುರಿನ ಬಣ್ಣ ಬೆಳ್ಳಗಾಯಿತು. ಕೆಲ ಸೆಕೆಂಡ್ ಏನೂ ಇಲ್ಲ. ಆಮೇಲೆ ಮೊಣಕೈ ಮಡಚಿ ಕೈ ಹಿಂದಕ್ಕೆ ಹೋಯಿತು. "ಎಮ್ ಫೋರ್" ಅಂತ ಹೇಳಿ ಚಾರ್ಟಿನಲ್ಲಿ ಬರೆದರು. ನನಗೆ ಹೊಟ್ಟೆ ಕಿವುಚಿದ ಹಾಗಾಯಿತು. ಯಾಕೆ ನೋಯಿಸ್ತೀರಿ ಅಂತ ಕೇಳಿದೆ. "ಕರೆದರೆ ಏಳಲ್ಲ, ಅಲುಗಾಡಿಸಿದರೂ ಏಳಲ್ಲ. ಇದೊಂದೇ ನಾವು ಅವರನ್ನ ಕೇಳೋ ಪ್ರಶ್ನೆ" ಅಂದರು.

ಆ ಚಾರ್ಟಿನ ಹೆಸರು ಗ್ಲಾಸ್ಗೋ ಕೋಮಾ ಸ್ಕೇಲ್. 1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಅನ್ನುವ ಇಬ್ಬರು ನ್ಯೂರೋ ಸರ್ಜನ್‌ಗಳು ಮಾಡಿದ್ದು. ಕಣ್ಣಿಗೆ 4, ಮಾತಿಗೆ 5, ಚಲನೆಗೆ 6. ಪೂರ್ತಿ ಎಚ್ಚರ ಇದ್ದರೆ 15, ಏನೂ ಇಲ್ಲದಿದ್ದರೂ 3. 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕೋಮಾ ಅಂತ ಲೆಕ್ಕ. ಬಾಯಲ್ಲಿ ನಳಿಗೆ ಇದ್ದರೆ ಮಾತಿನ ಅಂಕ ನೋಡಲಾಗುವುದಿಲ್ಲ, ಅದಕ್ಕೆ ಟಿ ಅಂತ ಬರೆಯುತ್ತಾರೆ. ಮನೆಯವರು ಗಮನ ಇಡಬೇಕಾದ್ದು ಚಲನೆಯ ಅಂಕದ ಮೇಲೆ, ಸಿಸ್ಟರ್ ಹೇಳಿದ ಎಮ್ ಅದೇ. ನೋವಿಗೆ ಕೈಕಾಲು ಸೆಟೆದು ಚಾಚಿದರೆ 2. ವಿಚಿತ್ರವಾಗಿ ಎದೆಯ ಕಡೆ ಮಡಚಿದರೆ 3. ಹಿಂದಕ್ಕೆ ಎಳೆದುಕೊಂಡರೆ 4. ನೋವು ಎಲ್ಲಿದೆಯೋ ಅಲ್ಲಿಗೇ ಕೈ ತಂದು ತಳ್ಳಲು ನೋಡಿದರೆ 5. ಹೇಳಿದ್ದು ಮಾಡಿದರೆ 6. ಬಿಳಿ ಕೋಟಿನವರು "ಹಾಗೇ ಇದ್ದಾರೆ" ಅಂದಾಗ ನಾವು "ಎಮ್ ಎಷ್ಟು ಸರ್?" ಅಂತ ಕೇಳಲು ಶುರು ಮಾಡಿದೆವು. ಉತ್ತರ ಕೊಡುವ ರೀತಿಯೇ ಬದಲಾಯಿತು.

ಇನ್ನೊಂದು ಪ್ರಶ್ನೆಯನ್ನೂ ದಿನಾ ಕೇಳಿ: "ಮಂಪರು ಔಷಧಿ ನಡೀತಿದೆಯಾ?" ವೆಂಟಿಲೇಟರಿನಲ್ಲಿರುವವರಿಗೆ ಮಿಡಾಜೊಲಾಮ್, ಫೆಂಟಾನಿಲ್ ಥರದ್ದು ಕೊಟ್ಟು ಮಲಗಿಸಿರುತ್ತಾರೆ. ಮೆದುಳಿಗೆ ವಿಶ್ರಾಂತಿ ಬೇಕು ಅಂತಲೇ ಕೊಡುವುದು. ಆ ದಿನಗಳಲ್ಲಿ ಅಣ್ಣ ಕಣ್ಣು ಬಿಡಲಿಲ್ಲ ಅಂತ ನಾವು ಹೊರಗೆ ಅಳುತ್ತಾ ಕೂತಿದ್ದೆವು. ಅವನು ಕಣ್ಣು ಬಿಡಬಾರದು ಅಂತಲೇ ಒಳಗೆ ಔಷಧಿ ಹೋಗುತ್ತಿತ್ತು. ಯಾರೂ ಹೇಳಿರಲಿಲ್ಲ.

ಎರಡನೇ ವಾರದಲ್ಲಿ ಗಂಟಲಿಗೆ ತೂತು ಮಾಡಿ ಟ್ಯೂಬ್ ಹಾಕಬೇಕು ಅಂದರು. ಟ್ರೇಕಿಯಾಸ್ಟಮಿ. ಅಮ್ಮ ಒಪ್ಪಲೇ ಇಲ್ಲ. ಗಂಟಲು ಕೊಯ್ದರೆ ಮಾತು ಹೋಗುತ್ತೆ ಅಂತ ಅವರ ಹೆದರಿಕೆ. ಡಾಕ್ಟರು ಅಮ್ಮನನ್ನು ಕೂರಿಸಿಕೊಂಡು, "ಅಮ್ಮಾ, ಬಾಯಿಂದ ಹಾಕಿರೋ ಪೈಪ್ ತಡ್ಕೊಳ್ಳೋಕೆ ಮಂಪರು ಕೊಡ್ತಾ ಇರಬೇಕಾಗುತ್ತೆ. ಇದು ಹಾಕಿದರೆ ಮಂಪರು ಇಳಿಸಬಹುದು. ಎಚ್ಚರ ಬಂದ ಮೇಲೆ ತೆಗೀತೀವಿ, ತೂತು ತಾನಾಗೇ ಮುಚ್ಚಿಕೊಳ್ಳುತ್ತೆ" ಅಂತ ಹೇಳಿದರು. ಹಾಗೇ ಆಯಿತು ಕೂಡ. ನಿಮ್ಮನ್ನೂ ಕೇಳಿದರೆ ಸುಮ್ನೆ ಹೆದರಿ ದಿನ ತಳ್ಳಬೇಡಿ. ಅನುಮಾನ ಇದ್ದದ್ದೆಲ್ಲ ಕೇಳಿ ನಿರ್ಧಾರ ಮಾಡಿ.

ಯುಗಾದಿಗೆ ಮುಂಚೆ ಅಣ್ಣ ಕಣ್ಣು ಬಿಟ್ಟ. ಅತ್ತಿಗೆ ಕಾರಿಡಾರಿನಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಊರಿಗೆ ಫೋನ್ ಹೋಯಿತು. ತೋಟದಲ್ಲಿ ಕಾಫಿ ಹೂ ಅರಳಿಸುವ ಮಳೆ ಬಂದಿದ್ದೂ ಅದೇ ವಾರ, ಎಲ್ಲರಿಗೂ ಶುಭಸೂಚನೆ ಅನ್ನಿಸಿತು. ಸಂಜೆ ಡಾಕ್ಟರು ಬಂದು ಟಾರ್ಚ್ ಬಿಟ್ಟು, ಮುಖದ ಮುಂದೆ ಕೈ ಆಡಿಸಿ, ಹೆಸರು ಕರೆದು ನೋಡಿದರು. ಆಮೇಲೆ ನಮ್ಮನ್ನು ಪಕ್ಕಕ್ಕೆ ಕರೆದರು. ಕೋಮಾ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕಿಂತ ಜಾಸ್ತಿ ಇರುವುದಿಲ್ಲವಂತೆ. ಆಮೇಲೆ ಉಳಿದವರಲ್ಲಿ ಕಣ್ಣು ತೆರೆಯುತ್ತೆ, ನಿದ್ದೆ-ಎಚ್ಚರದ ಚಕ್ರ ವಾಪಸ್ ಬರುತ್ತೆ. ಅದನ್ನು ನಡೆಸುವುದು ಮೆದುಳಿನ ಕಾಂಡ. ತನ್ನ ಸುತ್ತ ಏನು ನಡೀತಿದೆ ಅನ್ನುವ ಅರಿವು ಬೇರೆಯೇ ವಿಷಯ, ಅದು ಬರಬಹುದು, ತಡವಾಗಬಹುದು, ಬರದೆಯೂ ಇರಬಹುದು. ಕಣ್ಣು ತೆರೆದಿದ್ದೂ ಅರಿವಿಲ್ಲದ ಸ್ಥಿತಿಗೆ ವೆಜಿಟೇಟಿವ್ ಸ್ಟೇಟ್ ಅನ್ನುತ್ತಾರೆ. ಆಗಾಗ ಅರಿವಿನ ಕುರುಹು ತೋರಿದರೆ ಮಿನಿಮಲಿ ಕಾನ್ಶಿಯಸ್ ಸ್ಟೇಟ್. ಈ ಎರಡನೆಯದನ್ನು ಬೇರೆಯಾಗಿ ಗುರುತಿಸಿದ್ದೇ 2002ರಲ್ಲಿ. ಅತ್ತಿಗೆ ಆವತ್ತು ರಾತ್ರಿ ಊಟ ಮಾಡಲಿಲ್ಲ. ಸಿನಿಮಾದಲ್ಲಿ ಕಣ್ಣು ಬಿಟ್ಟ ತಕ್ಷಣ "ನಾನು ಎಲ್ಲಿದ್ದೀನಿ" ಅಂತ ಕೇಳುತ್ತಾರಲ್ಲ, ನಾವೆಲ್ಲ ಕಾಯುತ್ತಿದ್ದದ್ದು ಅದನ್ನೇ.

ಇಲ್ಲಿಂದ ಮುಂದೆ ನಮ್ಮ ಕೆಲಸ ಶುರು. ವಾರ್ಡಿಗೆ ಹಾಕಿದರು. ದಿನಕ್ಕೆರಡು ಸಲ ಫಿಸಿಯೋ ಮೇಡಂ ಬರುತ್ತಿದ್ದರು. ಬಂದ ಮೊದಲ ದಿನ ಮಂಚದ ಪಕ್ಕದಲ್ಲಿದ್ದದ್ದನ್ನೆಲ್ಲ ನೋಡಿದರು. ದಿನವಿಡೀ ಹಾಡುತ್ತಿದ್ದ ಮೊಬೈಲು, ಕಾಫಿಪುಡಿ ಡಬ್ಬಿ, ನೀಲಗಿರಿ ಎಣ್ಣೆ, ಸೋದರತ್ತೆ ತಂದ ಹೊರನಾಡಿನ ತೀರ್ಥ. ಮೇಡಂ ಬೈಯಲಿಲ್ಲ, ಒಂದೊಂದಾಗಿ ಎತ್ತಿಟ್ಟರು.

ಕಾಫಿಪುಡಿ ವಿಷಯ ನನಗೆ ಹೊಳೆದೇ ಇರಲಿಲ್ಲ. ಗಂಟಲಿನ ಟ್ಯೂಬಿನಿಂದ ಉಸಿರಾಡುವವರಿಗೆ ಗಾಳಿ ಮೂಗಿನಿಂದ ಹೋಗುವುದೇ ಇಲ್ಲ. ವಾಸನೆ ಒಳಗೆ ಮುಟ್ಟುವುದು ಹೇಗೆ? ಮೂಗಿನ ಹತ್ತಿರ ಎಷ್ಟು ಹೊತ್ತು ಹಿಡಿದರೂ ಪ್ರಯೋಜನ ಕಡಿಮೆ. ತೀರ್ಥದ ಬಗ್ಗೆ ಮಾತ್ರ ಖಡಾಖಂಡಿತ. ನುಂಗಲು ಬಾರದವರ ಬಾಯಿಗೆ ಒಂದು ಚಮಚ ನೀರು ಹಾಕಿದರೂ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಹಣೆಗೆ ಹಚ್ಚಿ, ತುಟಿಗೆ ಬೇಡ ಅಂದರು. ಸೋದರತ್ತೆಗೆ ಬೇಜಾರಾಯಿತು, ಆದರೂ ಹಣೆಗೇ ಹಚ್ಚಿದರು. ಜೇನುತುಪ್ಪ, ಎಳನೀರು ಹಿಡಿದು ಬರುವ ನೆಂಟರನ್ನು ಬಾಗಿಲಲ್ಲೇ ತಡೆಯಲು ಮನೆಯಲ್ಲಿ ಒಬ್ಬರು ಗಟ್ಟಿ ಜನ ಬೇಕು. ನಮ್ಮಲ್ಲಿ ಅದು ಅತ್ತಿಗೆ.

ಮೊಬೈಲಿನ ಹಾಡಿನ ಬಗ್ಗೆ ಅವರು ಹೇಳಿದ್ದು: ಇಡೀ ದಿನ ಸದ್ದು ಇದ್ದರೆ ಮೆದುಳು ಅದನ್ನು ಫ್ಯಾನ್ ಸದ್ದಿನ ಹಾಗೆ ಬಿಟ್ಟುಬಿಡುತ್ತೆ. ಹತ್ತು-ಹದಿನೈದು ನಿಮಿಷ ಒಂದೇ ಒಂದು ಪ್ರಚೋದನೆ, ಆಮೇಲೆ ನಿಶ್ಶಬ್ದ. ರಾತ್ರಿ ದೀಪ ಆರಿಸಿ, ಹಗಲು ಕಿಟಕಿ ತೆಗೆಯಿರಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಕಾಲು ಒತ್ತಬಾರದು. ಪರಿಚಿತ ದನಿ ಒಳ್ಳೆಯದು. ಅಣ್ಣನ ಮಗಳನ್ನು ವಾರ್ಡಿಗೆ ಬಿಡುತ್ತಿರಲಿಲ್ಲ, ಅವಳ ದನಿ ರೆಕಾರ್ಡ್ ಮಾಡಿಕೊಂಡು ಬಂದೆವು. "ಅಪ್ಪ ಬೇಗ ಬಾ" ಅಂತ ಅಳುವುದು ಬೇಡ, ಅವರಿಬ್ಬರೂ ಒಟ್ಟಿಗೆ ಕಂಡ ಯಾವುದಾದರೂ ಘಟನೆ ಹೇಳಿಸಿ ಅಂದರು. ತೋಟದ ಕೆರೆಯಲ್ಲಿ ಅಣ್ಣನ ಚಪ್ಪಲಿ ತೇಲಿಹೋದ ಕಥೆ ಹೇಳಿದಳು, ನಗುತ್ತಾ.

ಮುಟ್ಟುವುದಕ್ಕೂ ಒಂದು ಕ್ರಮ ಇದೆ. ಅಣ್ಣ ಕಣ್ಣು ಮುಚ್ಚಿ ಜೋಲಿದಾಗ ಮೇಡಂ ಸ್ನಾಯುವನ್ನು ಬುಡದಿಂದ ಹೆಬ್ಬೆರಳು, ತೋರುಬೆರಳ ನಡುವೆ ಗಟ್ಟಿಯಾಗಿ ಹಿಡಿದು ಮೂರು-ನಾಲ್ಕು ಸಲ ಹಿಂದೆ ಮುಂದೆ ಉರುಳಿಸುತ್ತಿದ್ದರು. ಮುಖದಿಂದ ಶುರು. ಕತ್ತು, ಭುಜ, ತೋಳು, ಅಂಗೈ, ಎದೆ, ಬೆನ್ನು, ಕಾಲು, ಕಾಲ್ಬೆರಳು. ಒಂದು ಬದಿ ಮುಗಿಸಿ ಇನ್ನೊಂದು ಬದಿ. ಗಾಯ, ಮುರಿತ, ಸೂಜಿ ಇರುವ ಜಾಗ ಬಿಟ್ಟು. ಭುಜಕ್ಕೆ ಬರುವ ಹೊತ್ತಿಗೆ ಅಣ್ಣ ಕಣ್ಣು ತೆರೆಯುತ್ತಿದ್ದ. ಆ ಎಚ್ಚರ ಇರುವುದು ಕೆಲವೇ ನಿಮಿಷ. ಪರೀಕ್ಷೆ ಮಾಡುವುದು, ಮಾತಾಡಿಸುವುದು ಅಷ್ಟರಲ್ಲೇ ಆಗಬೇಕು. ಇದು ಕೋಮಾ ರಿಕವರಿ ಸ್ಕೇಲ್ ಅನ್ನುವ ಪರೀಕ್ಷೆಯ ಭಾಗ. ಮೇಡಂ ಮುಂದೆಯೇ ಕಲಿತು ಮಾಡಿ. ತಲೆ ಮೂಳೆ ತೆಗೆದಿರುವ ಬದಿಗಂತೂ ಕೈ ಹಾಕಲೇಬೇಡಿ. ಅಲ್ಲಿ ಮೆದುಳಿಗೂ ನಿಮ್ಮ ಬೆರಳಿಗೂ ನಡುವೆ ಚರ್ಮ ಬಿಟ್ಟರೆ ಗಟ್ಟಿಯಾದದ್ದು ಏನೂ ಇಲ್ಲ.

ಎಲ್ಲ ದಿನವೂ ಮುಟ್ಟಲು ಆಗುತ್ತಿರಲಿಲ್ಲ. ಕೆಲವು ದಿನ ಹೊರಳಿಸಿದರೆ ಸಾಕು, ಮೈಯೆಲ್ಲ ಬೆವರು, ನಾಡಿ 140 ದಾಟುತ್ತಿತ್ತು, ಕೈಕಾಲು ಸೆಟೆಯುತ್ತಿತ್ತು, ಜ್ವರ. ಫಿಟ್ಸ್ ಅಂದುಕೊಂಡು ನಾವು ಓಡಿದ್ದೂ ಇದೆ. ತಲೆಗೆ ಜೋರು ಪೆಟ್ಟು ಬಿದ್ದವರಲ್ಲಿ ಹೀಗೆ ನರಮಂಡಲ ಹಿಡಿತ ತಪ್ಪಿ ಉಕ್ಕುವುದುಂಟು, ಅದಕ್ಕೆ ಬೇರೆ ಔಷಧಿ ಇದೆ ಅಂದರು. ಅಂಥ ದಿನ ಪ್ರಚೋದನೆ ಪೂರ್ತಿ ಬಂದ್. ಕತ್ತಲೆ ಕೋಣೆ, ಕಡಿಮೆ ಜನ. ಎಷ್ಟು ಜಾಸ್ತಿ ಎಬ್ಬಿಸಿದರೆ ಅಷ್ಟು ಬೇಗ ಏಳುತ್ತಾರೆ ಅನ್ನುವುದು ಸುಳ್ಳು ಅಂತ ನನಗೆ ಗೊತ್ತಾದದ್ದು ಆ ದಿನಗಳಲ್ಲೇ.

ಮೇಡಂ ಹೇಳಿದ ಮೇಲೆ ಒಂದು ಉದ್ದ ನೋಟ್‌ಬುಕ್ ಇಟ್ಟೆವು. ಸಮಯ, ಮಲಗಿದ್ದಾ ಕೂತಿದ್ದಾ, ಏನು ಮಾಡಿದೆವು, ಏನು ಕಂಡಿತು. "ಸ್ಪಂದಿಸಿದ" ಅಂತ ಬರೆಯಬಾರದು. "ಎಡಗೈ ಹೆಬ್ಬೆರಳು ಅಲುಗಿತು" ಅಂತ ಬರೆಯಬೇಕು. ಒಂದೇ ಮಾತನ್ನು ನಾಲ್ಕು ಸಲ ಹೇಳಬೇಕು, ಪ್ರತಿ ಸಲ ಹತ್ತು ಸೆಕೆಂಡ್ ಕಾಯಬೇಕು. ಹತ್ತು ಸೆಕೆಂಡ್ ಎಷ್ಟು ಉದ್ದ ಅಂತ ಗಡಿಯಾರ ನೋಡಿಯೇ ತಿಳಿಯಬೇಕು. ನಾವೆಲ್ಲ "ಕೈ ಎತ್ತು ಕೈ ಎತ್ತು ಕೈ ಎತ್ತು" ಅಂತ ಒಂದೇ ಉಸಿರಿಗೆ ಹೇಳುವವರು. ಪೆಟ್ಟಾದ ಮೆದುಳಿಗೆ ಮೊದಲನೆಯದು ಅರ್ಥವಾಗುವ ಹೊತ್ತಿಗೆ ನಮ್ಮ ಐದನೆಯದು ಮುಗಿದಿರುತ್ತೆ.

ಅತ್ತಿಗೆ ಒಂದು ದಿನ ಓಡಿಬಂದು "ಕೈ ಹಿಡ್ಕೊಂಡ್ರು, ಬಿಡ್ತಾನೇ ಇಲ್ಲ" ಅಂದರು. ನಿಜ, ಅವರ ಬೆರಳನ್ನು ಗಟ್ಟಿಯಾಗಿ ಹಿಡಿದಿದ್ದ. ಮೇಡಂ ಬಂದು ತಮ್ಮ ಬೆರಳನ್ನು ಅವನ ಅಂಗೈಯಲ್ಲಿಟ್ಟರು. ಹಿಡಿದ. ಪೆನ್ನು ಇಟ್ಟರು. ಹಿಡಿದ. ಅಂಗೈಗೆ ಏನು ತಾಗಿದರೂ ಮುಷ್ಟಿ ಮುಚ್ಚುವುದು ಹುಟ್ಟುಗುಣ, ಎಳೆ ಕೂಸುಗಳಲ್ಲಿ ಇರುತ್ತೆ, ಮೆದುಳಿಗೆ ಪೆಟ್ಟಾದಾಗ ಮತ್ತೆ ಬರುತ್ತೆ. "ಹಿಡಿ ಅಂತ ಹೇಳಬೇಡಿ. ಬಿಡಿ ಅಂತ ಹೇಳಿ ನೋಡಿ" ಅಂದರು. ಅವತ್ತಿಂದ ನಮ್ಮ ಪರೀಕ್ಷೆ ಅದೇ.

ಅದಕ್ಕಿಂತ ಮೊದಲು ಬಂದದ್ದು ಕಣ್ಣು. ಕೈಯಲ್ಲಿ ಹಿಡಿಯುವ ಒಂದು ಸಾದಾ ಕನ್ನಡಿ ತರಿಸಿದರು. ಗೇಣಿಗೂ ಕಡಿಮೆ ದೂರದಲ್ಲಿ ಅವನ ಮುಖಕ್ಕೇ ಹಿಡಿದು, ನಿಧಾನ ಬಲಕ್ಕೆ, ನಿಧಾನ ಎಡಕ್ಕೆ. ನಮ್ಮ ಬೆರಳನ್ನೋ ಟಾರ್ಚನ್ನೋ ಹಿಂಬಾಲಿಸದವರು ತಮ್ಮ ಮುಖವನ್ನು ಹಿಂಬಾಲಿಸುವುದುಂಟಂತೆ. ಸುಮಾರು ದಿನ ಏನೂ ಇಲ್ಲ. ಒಂದು ಮಧ್ಯಾಹ್ನ ಕನ್ನಡಿ ಎಡಕ್ಕೆ ಹೋಯಿತು, ಎರಡೂ ಕಣ್ಣು ಅದರ ಹಿಂದೆಯೇ ಹೋದವು, ಕಣ್ಣಂಚಿನವರೆಗೆ. ಮೇಡಂ ನಾಲ್ಕು ಸಲ ಮಾಡಿದರು, ಮೂರು ಸಲ ಹೋದವು. ನಾನು ವಿಡಿಯೋ ಮಾಡಿಕೊಂಡೆ. ರೌಂಡ್ಸಿಗೆ ಬಂದ ಡಾಕ್ಟರಿಗೆ ಅವತ್ತು ಸಂಜೆ ಏನೂ ಕಾಣಲಿಲ್ಲ. ಈ ರೋಗಿಗಳ ಎಚ್ಚರ ಗಂಟೆಗೊಂದು ಥರ. ವಿಡಿಯೋ ನೋಡಿ ಬೆಳಿಗ್ಗೆ ಬೇರೆ ಹೊತ್ತಿನಲ್ಲಿ ಬಂದರು, ಕಂಡಿತು. ಆಮೇಲೆ ಓದಿದೆ. 2009ರ ಒಂದು ಅಧ್ಯಯನದಲ್ಲಿ, ವೆಜಿಟೇಟಿವ್ ಅಂತ ವೈದ್ಯರು ನಿರ್ಧರಿಸಿದ್ದ 44 ಜನರನ್ನು ಕೋಮಾ ರಿಕವರಿ ಸ್ಕೇಲ್ ಹಿಡಿದು ನೋಡಿದಾಗ 18 ಜನರಲ್ಲಿ ಅರಿವಿನ ಕುರುಹು ಇತ್ತು. 2024ರಲ್ಲಿ ಬಂದ ಇನ್ನೊಂದರಲ್ಲಿ, ಹೇಳಿದ್ದಕ್ಕೆ ಮೈಯಲ್ಲಿ ಏನೂ ತೋರಿಸದ 241 ಜನರ ಪೈಕಿ 60 ಜನರ ಮೆದುಳು ಸ್ಕ್ಯಾನಿನಲ್ಲೋ, ಮೆದುಳಿನ ವಿದ್ಯುತ್ ಅಲೆ ಅಳೆಯುವ ಇಇಜಿಯಲ್ಲೋ ಮಾತಿಗೆ ಉತ್ತರ ಕೊಡುತ್ತಿತ್ತು. ಹಾಗಾಗಿ ಮಂಚದ ಪಕ್ಕ ನಿಂತು "ಇವರಿನ್ನು ಇಷ್ಟೇ" ಅಂತ ಮಾತಾಡುವ ನೆಂಟರನ್ನು ಹೊರಗೆ ಕರೆದುಕೊಂಡು ಹೋಗಿ. ಮಲಗಿದವರಿಗೆ ಕೇಳಿಸುತ್ತಿರಬಹುದು.

ಎಲ್ಲ ಪ್ರಚೋದನೆಯಿಂದಲೇ ಆಯಿತಾ ಅಂತ ಕೇಳುವವರಿದ್ದಾರೆ. ನನಗೆ ಹಾಗೆ ಹೇಳಲು ಆಗುವುದಿಲ್ಲ. ಮುಟ್ಟಿ, ಕೇಳಿಸಿ, ತೋರಿಸಿ ಎಬ್ಬಿಸುವ ಪದ್ಧತಿಯ ಬಗ್ಗೆ 2002ರಲ್ಲಿ ಕೊಕ್ರೇನ್ ವಿಮರ್ಶೆ, ಅಂದರೆ ಇರುವ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕೆಲಸ, ಮಾಡಿದವರಿಗೆ ಅದು ಫಲಿಸುತ್ತೆ ಅಥವಾ ಫಲಿಸುವುದಿಲ್ಲ ಅನ್ನಲು ಗಟ್ಟಿ ಆಧಾರ ಸಿಗಲಿಲ್ಲ. ಅಣ್ಣನ ಮೆದುಳಿನ ಊತ ಇಳಿಯಿತು, ವಯಸ್ಸು ಚಿಕ್ಕದು, ಉಸಿರು ನಿಂತು ಆಮ್ಲಜನಕ ಕಡಿಮೆಯಾದ ಪ್ರಕರಣ ಅಲ್ಲ, ಪೆಟ್ಟಿನದು. ಪೆಟ್ಟಿನವರು ಚೇತರಿಸಿಕೊಳ್ಳುವ ಸಾಧ್ಯತೆ ಜಾಸ್ತಿ. ಅಮಾಂಟಡೀನ್ ಅನ್ನುವ ಮಾತ್ರೆಯನ್ನೂ ಕೊಟ್ಟರು. 2012ರಲ್ಲಿ 184 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಅದು ನಾಲ್ಕು ವಾರದಲ್ಲಿ ಚೇತರಿಕೆಯನ್ನು ಬೇಗ ಮಾಡಿತ್ತು. ಎಲ್ಲರಿಗೂ ಹೊಂದುವುದಿಲ್ಲ, ಡಾಕ್ಟರನ್ನೇ ಕೇಳಬೇಕು. ನಮ್ಮ ಪ್ರಚೋದನೆಯಿಂದ ಖಂಡಿತ ಆದದ್ದು ಒಂದಿದೆ. ಅವನ ಬದಲಾವಣೆ ಬಂದ ದಿನವೇ ನಮ್ಮ ಕಣ್ಣಿಗೆ ಬಿತ್ತು. ಕೀಲು ಬಿಗಿಯಲಿಲ್ಲ, ಬೆನ್ನು ಹುಣ್ಣಾಗಲಿಲ್ಲ. ಈ ಸಂಕಟದ ವಾಸನೆ ಹಿಡಿದು ಬರುವವರೂ ಇದ್ದಾರೆ. "ಕೋಮಾ ಎಬ್ಬಿಸುವ ಪ್ಯಾಕೇಜ್" ಅಂತ ಒಬ್ಬ ಫೋನ್ ಮಾಡಿ ಎಪ್ಪತ್ತು ಸಾವಿರ ಮುಂಗಡ ಕೇಳಿದ. ಯಾವ ಡಾಕ್ಟರು ಅಂದರೆ ಹೇಳಲಿಲ್ಲ.

ನಡುವೆ ಒಂದು ವಾರ ಎಲ್ಲ ಹಿಂದಕ್ಕೆ ಹೋಯಿತು. ಕನ್ನಡಿ ನೋಡುವುದನ್ನೂ ಬಿಟ್ಟ. ನಮ್ಮ ನೋಟ್‌ಬುಕ್ ತೋರಿಸಿದ್ದಕ್ಕೆ ತಕ್ಷಣ ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡಿದರು. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಕಡಿಮೆ. ಸರಿಮಾಡಿದ ಮೇಲೆ ವಾಪಸ್ ಬಂದ. ಇದ್ದದ್ದು ಕಡಿಮೆಯಾದರೆ "ಇದೆಲ್ಲ ಹೀಗೇ" ಅಂತ ಬಿಡಬೇಡಿ. ಸೋಂಕು, ಸೋಡಿಯಂ, ಫಿಟ್ಸ್, ಮೆದುಳಿನಲ್ಲಿ ನೀರು ತುಂಬುವುದು, ಯಾವುದಾದರೂ ಇರಬಹುದು.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ, ಬೆಲ್ಟ್ ಕಟ್ಟಿ ಓರೆಯಾಗಿ ನಿಲ್ಲಿಸುವ ಮಂಚದ ಮೇಲಿದ್ದಾಗ, ನಾನು ಬೆರಳು ಕೊಟ್ಟು "ಬಿಡು" ಅಂದೆ. ಕಾದೆ. ಏಳನೇ ಸೆಕೆಂಡಿಗೆ ಇರಬೇಕು, ಮೊದಲು ಕಿರುಬೆರಳು ಸಡಿಲಾಯಿತು, ಆಮೇಲೆ ಉಂಗುರ ಬೆರಳು. ಹೆಬ್ಬೆರಳು ಕೊನೆಗೆ. ಮತ್ತೆ ಕೊಟ್ಟೆ, ಮತ್ತೆ ಬಿಟ್ಟ. ನಾಲ್ಕಕ್ಕೆ ನಾಲ್ಕು. ಮೇಡಂ ಏನೂ ಮಾತಾಡದೆ ನೋಟ್‌ಬುಕ್ಕಿನಲ್ಲಿ ತಾವೇ ಬರೆದರು.

ಖರ್ಚು ಹೇಳಿಬಿಡುತ್ತೇನೆ. ಐಸಿಯು ನಮಗೆ ದಿನಕ್ಕೆ ಔಷಧಿ ಸೇರಿ ಹದಿನೈದರಿಂದ ಇಪ್ಪತ್ತು ಸಾವಿರ ಬಿತ್ತು. ವಾರ್ಡಿನಲ್ಲಿ ಅದರ ಮೂರರಲ್ಲೊಂದು. ಮನೆಗೆ ಬಂದ ಮೇಲೆ ಗಾಳಿ ಹಾಸಿಗೆ, ಕಫ ಎಳೆಯುವ ಮಿಷನ್, ಮೂಗಿನ ನಳಿಗೆಗೆ ಕೊಡುವ ಆಹಾರದ ಪುಡಿ, ಡೈಪರ್. ಡೈಪರೇ ಜಾಸ್ತಿ ಅಂದರೆ ನಂಬುತ್ತೀರಾ? ಮಿಷನ್ ಬಾಡಿಗೆಗೆ ಸಿಗುತ್ತೆ, ಕೊಳ್ಳಬೇಡಿ. ಆದರೆ ಕರೆಂಟು ಹೋದರೆ ನಡೆಯುವಂಥದ್ದು ತನ್ನಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಲು ರಾತ್ರಿ ಪಾಳಿ ಹಾಕಿಕೊಂಡೆವು.

ಎಚ್ಚರ ಬಂದ ಮೇಲಿನ ತಿಂಗಳು ಎಲ್ಲಕ್ಕಿಂತ ಕಷ್ಟ. ಅದನ್ನು ಯಾರೂ ಹೇಳಿರಲಿಲ್ಲ. ಟ್ಯೂಬ್ ಕಿತ್ತುಕೊಂಡ. ಅಮ್ಮನಿಗೆ ಬಾಯಿಗೆ ಬಂದ ಹಾಗೆ ಬೈದ. ಅತ್ತಿಗೆಯನ್ನು ನರ್ಸ್ ಅಂದುಕೊಂಡು "ಸಿಸ್ಟರ್, ನಮ್ಮನೆಯವಳಿಗೆ ಫೋನ್ ಮಾಡಿ" ಅಂತ ಬೇಡಿದ. ಹೇಳಿದ್ದು ಹತ್ತು ನಿಮಿಷಕ್ಕೆ ಮರೆಯುತ್ತಿದ್ದ. ಇದು ಹುಚ್ಚಲ್ಲ, ಚೇತರಿಕೆಯ ಒಂದು ಹಂತ, ಹೊಸ ನೆನಪು ಕೂರದ ಕಾಲ. ಆಗ ಪ್ರಚೋದನೆ ಕಡಿಮೆ ಮಾಡಬೇಕು. ವಾದಿಸಬಾರದು. ಗೋಡೆಗೆ ದೊಡ್ಡ ಅಕ್ಷರದಲ್ಲಿ ದಿನ, ಜಾಗ, ನಮ್ಮ ಹೆಸರು ಬರೆದು ಅಂಟಿಸಿದೆವು. ಆ ಕಾಲದ್ದು ಅವನಿಗೆ ಈಗ ಒಂದೂ ನೆನಪಿಲ್ಲ. ಬೀಳುವ ಹಿಂದಿನ ದಿನದಿಂದಲೇ ಖಾಲಿ.

ನಾವು ಊಹಿಸದೇ ಇದ್ದ ತೊಡಕು ಬ್ಯಾಂಕು. ಕಾಫಿ ಮಾರಿದ ದುಡ್ಡು ಅಣ್ಣನೊಬ್ಬನ ಹೆಸರಿನ ಖಾತೆಯಲ್ಲಿತ್ತು. ಹೆಂಡತಿ ಆದರೂ ತೆಗೆಯಲು ಬರುವುದಿಲ್ಲ. ಪ್ರಜ್ಞೆ ಇಲ್ಲದವರ ಹೆಬ್ಬೆಟ್ಟನ್ನು ನಾವೇ ಹಿಡಿದು ಒತ್ತಿಸಿದರೆ ಅದು ನಡೆಯುವುದಿಲ್ಲ, ಪವರ್ ಆಫ್ ಅಟಾರ್ನಿಯನ್ನೂ ಅವನೇ ತಿಳಿದು ಕೊಡಬೇಕು. ಕೋಮಾದಲ್ಲಿರುವವರಿಗೆ ಪಾಲಕರನ್ನು ನೇಮಿಸಲು ಹೈಕೋರ್ಟಿಗೆ ರಿಟ್ ಹಾಕಬೇಕು ಅಂತ ವಕೀಲರು ಹೇಳಿದರು. ಇಂಥವರಿಗಾಗಿ ಪ್ರತ್ಯೇಕ ಕಾನೂನು ಇಲ್ಲ ಅಂತ ಕೇರಳ ಹೈಕೋರ್ಟ್ 2019ರಲ್ಲಿ ಮಾರ್ಗಸೂಚಿಯನ್ನೇ ಕೊಟ್ಟಿದೆ. ನಾವು ಕೋರ್ಟಿಗೆ ಹೋಗಲಿಲ್ಲ. ಸಾಲ ಮಾಡಿ ಕಾದೆವು. ಮನೆಯ ಮುಖ್ಯ ಖಾತೆಯನ್ನು ಇಬ್ಬರಲ್ಲಿ ಯಾರಾದರೂ ತೆಗೆಯಬಹುದಾದ ಜಂಟಿ ಖಾತೆ ಮಾಡಿಸಿಡಿ. ಈ ವಾರವೇ ಮಾಡಿಸಿ.

ಅಣ್ಣನಿಗೆ ಮಾತು ಅರ್ಥವಾಗುತ್ತೆ, ಸಹಿ ಮಾತ್ರ ಬರುವುದಿಲ್ಲ ಅನ್ನುವ ಹಂತದಲ್ಲಿ ದಾರಿ ತೆರೆಯಿತು. ಹಾಸಿಗೆ ಹಿಡಿದ ಖಾತೆದಾರರ ಹೆಬ್ಬೆಟ್ಟನ್ನು ಇಬ್ಬರು ಸಾಕ್ಷಿಗಳ ಮುಂದೆ, ಅದರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿ, ಪಡೆದು ಹಣ ಕೊಡಬಹುದು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಅರ್ಜಿಯ ಜೊತೆ ಡಾಕ್ಟರ ಪತ್ರ ಕೊಟ್ಟೆವು. ಅಧಿಕಾರಿ ಮನೆಗೇ ಬಂದರು. "ಯಾರಿಗೆ ಕೊಡಲಿ ದುಡ್ಡು?" ಅಂತ ಅಣ್ಣನನ್ನೇ ಕೇಳಿದರು. ಅವನು ಅತ್ತಿಗೆ ಕಡೆ ಗಲ್ಲ ಎತ್ತಿ ತೋರಿಸಿದ. ಹೆಬ್ಬೆಟ್ಟು ಒತ್ತಿ, ಶಾಯಿ ಒರೆಸಿಕೊಳ್ಳುತ್ತಾ "ಎಷ್ಟಿದೆ?" ಅಂತ ಕೇಳಿದ. ಅಧಿಕಾರಿ ಮೊತ್ತ ಹೇಳಿದರು. ಅಣ್ಣ ನನ್ನ ಕಡೆ ತಿರುಗಿ, ಗೊಬ್ಬರಕ್ಕೂ ಸಾಕಾಗಲ್ಲವಲ್ಲೋ ಅಂದ.